ಸೇತುವೆ ತೆರೆಯದ ದಿನ

ಸೆಪ್ಟೆಂಬರ್ 9

ಪ್ರೀತಿಯ ಅಮ್ಮನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆ. ನಾನು ಹುಟ್ಟಿದ ದಿನ ಅಪ್ಪ ಎಲ್ಲಿದ್ದರು?

ಫೋನಿನಲ್ಲೇ ಕೇಳಬಹುದಿತ್ತು. ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ನಿನ್ನ ಒಲೆಯಿಂದ ಆ ಹಾಲು ಇಳಿದದ್ದನ್ನು ನಾನಂತೂ ಕಂಡಿಲ್ಲ. ಕಾಗದವಾದರೆ ನೀನು ಉತ್ತರ ಬರೆಯಲೇಬೇಕು, ಬರೆದದ್ದನ್ನು ನಾನು ಎರಡೆರಡು ಸಲ ಓದಬಹುದು.

ನಮ್ಮ ಗ್ರಂಥಾಲಯದ ಹಳೇ ಪತ್ರಿಕೆಗಳ ವಿಭಾಗದಲ್ಲಿ ಒಂದು ರೂಢಿಯಿದೆ. ಯಾರ ಹುಟ್ಟುಹಬ್ಬವೋ ಅವರು ನಾಲ್ಕು ಗಂಟೆಯ ಚಹಾ ಹೊತ್ತಿಗೆ, ತಾವು ಹುಟ್ಟಿದ ದಿನ ಏನಾಗಿತ್ತೆಂದು ಮನೆಯಲ್ಲಿ ಕೇಳಿದ ಕಥೆಯನ್ನು ಎಲ್ಲರ ಮುಂದೆ ಹೇಳಬೇಕು. ಆಮೇಲೆ ಬೈಂಡರ್ ಆ ತಿಂಗಳ ಸಂಪುಟ ತಂದು ಮೇಜಿನ ಮೇಲಿಡುತ್ತಾನೆ. ದಿನವಿಡೀ ಅಂಟಿನಲ್ಲೇ ಕೈಯಾಡಿಸುವ ಅವನನ್ನು ನಾವೆಲ್ಲ ಗೋಂದಣ್ಣ ಎಂದೇ ಕರೆಯುವುದು. ಹೋದ ತಿಂಗಳು ನಮ್ಮ ಗುಮಾಸ್ತರು ತಾವು ಹುಟ್ಟಿದ ದಿನ ಭೂಕಂಪವಾಗಿತ್ತು ಎಂದು ಎದೆಯುಬ್ಬಿಸಿ ಹೇಳಿದರು. ಪತ್ರಿಕೆ ನೋಡಿದರೆ ಯಾರದೋ ಹಸು ಬಾವಿಗೆ ಬಿದ್ದ ಸುದ್ದಿ. ಇವತ್ತಿಗೂ ಅವರು ಕುರ್ಚಿ ಎಳೆದರೆ ಸಾಕು, ಭೂಕಂಪ ಎಂದು ಯಾರಾದರೂ ಗೊಣಗುತ್ತಾರೆ.

ಇವತ್ತು ನನ್ನ ಸರದಿ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಬೆಳಗ್ಗೆ ನಿನಗೆ ನೋವು ಶುರುವಾದಾಗ ಅಪ್ಪ ಹೊಸ ಅಂಗಿ ತೊಟ್ಟು ಹೊಸ ಸೇತುವೆಯ ಉದ್ಘಾಟನೆ ನೋಡಲು ಹೋದದ್ದು, ಬ್ಯಾಂಡ್ ಬಾರಿಸಿದ್ದು, ಸೇತುವೆಯುದ್ದಕ್ಕೂ ನೀಲಿ ಬಾವುಟ ಕಟ್ಟಿದ್ದು, ನೀನೊಬ್ಬಳೇ ಆಸ್ಪತ್ರೆಯಲ್ಲಿ ನನ್ನನ್ನು ಹೆತ್ತದ್ದು. ಹೋದ ಮನುಷ್ಯ ಹದಿನೇಳು ದಿನ ಮನೆ ಕಡೆ ತಲೆ ಹಾಕದೆ ಇದ್ದದ್ದು.

ಒಂಬತ್ತನೇ ತಾರೀಕಿನ ಪತ್ರಿಕೆ ತೆರೆದೆವು. ಯಾವುದೋ ದೇಶದಲ್ಲಿ ಸರ್ಕಾರ ಬಿದ್ದಿತ್ತು. ಇನ್ನೆಲ್ಲೋ ಮಂಜಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದಿದ್ದವು. ಮೃಗಾಲಯದಲ್ಲಿ ಜಿರಾಫೆ ಮರಿ ಹಾಕಿತ್ತು, ಅದಕ್ಕೆ ಗೋಂದಣ್ಣ ನಿನ್ನ ಜೊತೆಯವಳು ನೋಡಮ್ಮ ಎಂದು ನಕ್ಕ. ಅದರ ಕೆಳಗೇ ಇತ್ತು: ನದಿಯಲ್ಲಿ ನೀರೇರಿದ್ದರಿಂದ ಸೇತುವೆ ಉದ್ಘಾಟನೆ ಮುಂದೂಡಿಕೆ.

ಪತ್ರಿಕೆಯಲ್ಲಿ ಬರುವುದು ಹಿಂದಿನ ದಿನದ ಸುದ್ದಿ, ಅಷ್ಟು ನನಗೂ ಗೊತ್ತು. ಅದಕ್ಕೇ ಹತ್ತು, ಹನ್ನೊಂದು, ಹನ್ನೆರಡು ಎಲ್ಲ ನೋಡಿದೆ. ಪ್ರವಾಹ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಬ್ಯಾಂಡೂ ಇಲ್ಲ, ಬಾವುಟವೂ ಇಲ್ಲ. ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ನಿಂತೆ. ತೆರೆಯದ ಸೇತುವೆಯನ್ನು ನೋಡಲು ಅಪ್ಪ ಹೇಗೆ ಹೋದರು?

ನಿನಗೆ ಇದು ತಮಾಷೆಯಲ್ಲ ಎಂದು ಗೊತ್ತು. ಹೋದ ತಿಂಗಳು ಅತ್ತೆ ಬರೆದಿದ್ದರು: ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾನೆ, ಡಾಕ್ಟರು ಹೆಚ್ಚೆಂದರೆ ಎರಡು ತಿಂಗಳು ಅಂತಾರೆ, ಒಂದು ಸಲ ಬಂದು ಮುಖ ತೋರಿಸಿ ಹೋಗು. ಹೋಗಬೇಡ ಎಂದವಳು ನೀನು. ನಾನು ಹುಟ್ಟಿದ ದಿನ ನನ್ನ ಮುಖ ನೋಡದವರಿಗೆ ಈಗ ಯಾಕೆ ಎಂದು ಬರೆದವಳು ನಾನು. ನಾನು ಬರೆದದ್ದು ನಿನ್ನ ಕಥೆಯನ್ನು ನಂಬಿ. ಈಗ ಆ ಕಥೆಯ ಬುಡವೇ ಅಲ್ಲಾಡುತ್ತಿದೆ, ಅಮ್ಮ.

ತಿಂಗಳ ಕೊನೆಯ ಸಂಚಿಕೆಗಳ ಹೊಲಿಗೆ ಬಿಚ್ಚಿ ಗೋಂದಣ್ಣ ದುರಸ್ತಿಗೆ ಇಟ್ಟುಕೊಂಡಿದ್ದಾನೆ. ಅಂಟು ಒಣಗಿದ ಮೇಲೆ ಕೊಡುತ್ತಾನಂತೆ. ಅಷ್ಟರೊಳಗೆ ನೀನೇ ಹೇಳಿದರೆ ಒಳ್ಳೆಯದು.

ನಿನ್ನ ಮಗಳು


ಸೆಪ್ಟೆಂಬರ್ 13

ನನ್ನ ಪತ್ತೇದಾರಿ ಮಗಳಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಹೆತ್ತವಳಿಗಿಂತ ಹಳೇ ಪೇಪರು ಹೆಚ್ಚಾಯಿತು, ಇರಲಿ. ಪೇಪರಿನವರು ಯಾವಾಗ ಸರಿಯಾಗಿ ಬರೆದಿದ್ದಾರೆ? ನಮ್ಮ ಹೊಲಿಗೆ ಅಂಗಡಿಯಲ್ಲಿ ಹೊಲಿದ ಶಾಲೆಯ ಯೂನಿಫಾರ್ಮನ್ನು ಹಸಿರು ಎಂದು ಹಾಕಿದ್ದರು, ಅದು ಬೂದು ಬಣ್ಣ. ಅಥವಾ ಉದ್ಘಾಟನೆಗೆ ಮೊದಲೇ ಜನ ಸೇತುವೆ ನೋಡಲು ಹೋಗಿರಬಹುದು. ಅಥವಾ ನಾನೇ ಒಂದೆರಡು ದಿನ ಹಿಂದೆ ಮುಂದೆ ಹೇಳಿರಬಹುದು. ಹೆರಿಗೆ ನೋವು ತಿನ್ನುವವಳು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಲಗಿರುವುದಿಲ್ಲ.

ಅವರು ಬರಲಿಲ್ಲ ಎಂದರೆ ಬರಲಿಲ್ಲ. ಎಲ್ಲಿಗೆ ಹೋದರೆಂಬುದನ್ನು ಕಟ್ಟಿಕೊಂಡು ಈಗ ನಿನಗೇನಾಗಬೇಕು? ಅತ್ತೆಗೆ ಒಂದು ಸಲ ಬರೆದಾಯಿತು, ಮುಗಿಯಿತು. ಅದನ್ನು ಮತ್ತೆ ಕೆದಕಬೇಡ.

ನಿನಗೊಂದು ಕೋಟು ಕತ್ತರಿಸಿಟ್ಟಿದ್ದೇನೆ. ಭುಜದ ಅಳತೆ ಕಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ ಅಮ್ಮ


ಸೆಪ್ಟೆಂಬರ್ 17

ಅಮ್ಮ,

ಒಂದು ಪ್ರಶ್ನೆಗೆ ಮೂರು ಉತ್ತರ ಕೊಟ್ಟಿದ್ದೀಯ. ಒಂದು ಸಾಕಿತ್ತು. ಮೂರು ಕೊಟ್ಟಾಗಲೇ ನನಗೆ ಅನುಮಾನ ಗಟ್ಟಿಯಾಯಿತು.

ಅಂಟು ಒಣಗಿತು. ಸೇತುವೆ ತೆರೆದದ್ದು ಇಪ್ಪತ್ತೆಂಟಕ್ಕೆ. ಇಪ್ಪತ್ತೊಂಬತ್ತರ ಪತ್ರಿಕೆಯ ಮೂರನೇ ಪುಟದಲ್ಲಿ ಒಂದು ಫೋಟೋ ಇದೆ. ಬಸ್ ಕಂಡಕ್ಟರನ ಸಮವಸ್ತ್ರ, ಹೆಗಲಿಗೆ ಟಿಕೆಟ್ ಚೀಲ, ಎದೆಗೆ ಅವುಚಿಕೊಂಡ ಬಟ್ಟೆಯ ಗಂಟು. ಗಂಟಿನಿಂದ ಒಂದು ಪುಟ್ಟ ಮುಷ್ಟಿ ಹೊರಗೆ ಬಂದಿದೆ. ಭೂತಗನ್ನಡಿ ಹಿಡಿದರೆ ಬರೀ ಚುಕ್ಕೆಗಳು ಕಾಣುತ್ತವೆ. ತೋಳಿನಷ್ಟು ದೂರ ಹಿಡಿದರೆ ಅಪ್ಪ. ಆರು ವರ್ಷದವಳಿದ್ದಾಗ ಕಡೆಯದಾಗಿ ಕಂಡ ಮುಖ ಮರೆತೇಹೋಗಿದೆ ಎಂದುಕೊಂಡಿದ್ದೆ, ಮರೆತಿರಲಿಲ್ಲ. ಕೆಳಗೆ ಹೀಗೆ ಬರೆದಿದ್ದಾರೆ: ಹತ್ತೊಂಬತ್ತು ದಿನದ ಮಗಳೊಂದಿಗೆ ಮೊದಲ ದಿನವೇ ಸೇತುವೆ ದಾಟಿದ ಕಂಡಕ್ಟರ್.

ಒಂಬತ್ತಕ್ಕೆ ಹತ್ತೊಂಬತ್ತು ಕೂಡಿಸಿದರೆ ಇಪ್ಪತ್ತೆಂಟು. ಅದು ನಾನೇ. ಅಪ್ಪ ಸೇತುವೆಗೆ ಹೋಗಿದ್ದು ನಿಜ, ಆದರೆ ನನ್ನನ್ನು ಎತ್ತಿಕೊಂಡು ಹೋಗಿದ್ದರು. ಹಾಗಾದರೆ ನೀನೆಲ್ಲಿದ್ದೆ? ಬಾಣಂತಿಯೊಬ್ಬಳು ಹಸುಗೂಸನ್ನು ಆ ಜನಜಂಗುಳಿಗೆ ಕಳಿಸುವುದುಂಟೇ? ಮನೆಯೊಳಗೆ ಮಲಗಿದ್ದವಳಿಗೆ ಬಾವುಟದ ಬಣ್ಣ ಹೇಗೆ ಗೊತ್ತಾಯಿತು? ಕಪ್ಪು ಬಿಳುಪು ಫೋಟೋದಲ್ಲಿ ನೀಲಿ ಕಾಣುವುದಿಲ್ಲ.

ಕೆಟ್ಟದ್ದೆಲ್ಲ ಯೋಚಿಸಿದೆ. ಅವರು ನನ್ನನ್ನು ಕದ್ದುಕೊಂಡು ಹೋಗಿದ್ದರೇ? ನಿಜಕ್ಕೂ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನಾನು? ನಿನ್ನ ಮೇಲೆ ಇಂಥದ್ದನ್ನೆಲ್ಲ ಊಹಿಸುತ್ತಾ ಕೂರಲು ನನಗೆ ಅಸಹ್ಯವಾಗುತ್ತಿದೆ. ಆದರೆ ನೀನು ಬಾಯಿ ಬಿಡುವವರೆಗೆ ನಾನು ಮಾಡುವುದು ಅದೊಂದೇ.

ಶನಿವಾರದವರೆಗೆ ಕಾಯುತ್ತೇನೆ. ಆಮೇಲೆ ಅಪ್ಪನನ್ನೇ ಹೋಗಿ ಕೇಳುತ್ತೇನೆ.

ನಿನ್ನ ಮಗಳು (ಹೌದಾದರೆ)


ಸೆಪ್ಟೆಂಬರ್ 20

ನನ್ನ ಮಗಳೇ,

ಕಂಸದಲ್ಲಿ ಬರೆದೆಯಲ್ಲ, ಅದನ್ನು ಮೊದಲು ಅಳಿಸು. ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು ನೀನು. ಒಂಬತ್ತನೇ ತಾರೀಕು, ಬೆಳಗ್ಗೆ ಏಳೂ ಇಪ್ಪತ್ತಕ್ಕೆ. ನಿಮ್ಮಪ್ಪ ಬಾಗಿಲಾಚೆಯೇ ಇದ್ದರು. ನರ್ಸು ನಿನ್ನನ್ನು ಮೊದಲು ಕೊಟ್ಟದ್ದು ಅವರ ಕೈಗೆ.

ಹದಿನೇಳು ದಿನ ಎಂದದ್ದು ಸುಳ್ಳಲ್ಲ. ಎಣಿಸಿದವಳು ನಾನೇ, ಹೋದವಳೂ ನಾನೇ.

ನಿನ್ನನ್ನು ನನ್ನ ಮಡಿಲಿಗೆ ಕೊಟ್ಟಾಗ ನನಗೆ ಏನೂ ಅನ್ನಿಸಲಿಲ್ಲ. ಯಾರದೋ ಮಗುವನ್ನು ಒಂದು ಗಳಿಗೆ ಹಿಡಿದುಕೋ ಎಂದು ಕೊಟ್ಟ ಹಾಗಿತ್ತು. ನೀನು ಅತ್ತರೆ ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಈಗ ಅದಕ್ಕೊಂದು ಹೆಸರಿದೆ, ಔಷಧಿ ಕೊಡುತ್ತಾರೆ. ಆಗ ಅದನ್ನು ಕೊಬ್ಬು ಎನ್ನುತ್ತಿದ್ದರು. ಮೂರನೇ ದಿನ ನಿಮ್ಮಪ್ಪ ಹಾಲಿನ ಬಾಟಲಿ ತರಲು ಅಂಗಡಿಗೆ ಹೋದಾಗ, ಪಕ್ಕದ ಹಾಸಿಗೆಯವಳಿಗೆ ಮಗು ನೋಡಿಕೊಳ್ಳಿ ಎಂದು ಹೇಳಿ ಎದ್ದು ಹೊರಟುಬಿಟ್ಟೆ. ದೋಣಿ ಹತ್ತಿ ಆಚೆ ದಡದ ತಾಯಿಮನೆ ಸೇರಿದೆ. ಮರುದಿನ ನೀರು ಇನ್ನೂ ಏರಿ ದೋಣಿ ನಿಂತುಹೋಯಿತು. ನಿಜ ಹೇಳುತ್ತೇನೆ, ದೋಣಿ ನಿಂತಿತೆಂದು ಕೇಳಿ ನನಗೆ ಹಾಯೆನಿಸಿತು.

ತಾಯಿಮನೆಯ ಮಹಡಿಯಿಂದ ಸೇತುವೆ ಕಾಣುತ್ತಿತ್ತು. ಇಪ್ಪತ್ತೆಂಟಕ್ಕೆ ನೀಲಿ ಬಾವುಟ ಕಟ್ಟಿದರು, ಬ್ಯಾಂಡ್ ಬಾರಿಸಿದರು. ಸಾವಿರ ಜನ ಸೇತುವೆ ನೋಡಲು ಬಂದರು. ನಿಮ್ಮಪ್ಪ ಒಬ್ಬರೇ ಅದನ್ನು ದಾಟಬೇಕೆಂದು ಬಂದವರು. ಬಾಗಿಲಿಗೆ ಬಂದು ನಿಂತರು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಬಸ್ಸು ಇನ್ನೂ ಬಿಟ್ಟಿಲ್ಲ, ನಡಕೊಂಡೇ ಬಂದ್ವಿ, ಇವಳಿಗೆ ಹಸಿವಾಗಿದೆ ಅಂದರು. ಅಷ್ಟೇ. ಸಂಜೆ ಅವರ ಹಿಂದೆ ಹೊರಟೆ. ನಿನ್ನ ಮೇಲೆ ಪ್ರೀತಿ ಬಂದದ್ದು ಅವತ್ತಲ್ಲ, ನಿನಗೆ ನಾಲ್ಕು ತಿಂಗಳಾದಾಗ. ಒಮ್ಮೆ ಬಂದದ್ದು ಮತ್ತೆ ಒಂದು ದಿನವೂ ಹೋಗಿಲ್ಲ. ಇದನ್ನು ಮಾತ್ರ ನಂಬು.

ನಿನಗೆ ಐದು ವರ್ಷವಾಗಿದ್ದಾಗ ನೀನೇ ಕೇಳಿದೆ, ನಾನು ಹುಟ್ಟಿದಾಗ ಏನಾಯ್ತು ಎಂದು. ನನ್ನ ಬಾಯಿಂದ ಆ ಕಥೆ ತಾನಾಗಿ ಹೊರಟಿತು. ನಾನಿದ್ದ ಕಡೆ ಅವರನ್ನು ಇಟ್ಟೆ, ಅಷ್ಟೇ. ನಿಮ್ಮಪ್ಪ ಡ್ಯೂಟಿಗೆ ಹೊರಟು ಶೂ ಲೇಸು ಕಟ್ಟುತ್ತಾ ಅಲ್ಲೇ ಕೂತಿದ್ದರು. ತಲೆ ಎತ್ತಲಿಲ್ಲ. ಅವತ್ತಿನಿಂದ ನನಗೆ ಅವರ ಮುಖ ನೋಡಲು ಆಗಲಿಲ್ಲ. ಒಂದು ಸಲ ಬೈದಿದ್ದರೆ, ಸುಳ್ಳಿ ಎಂದಿದ್ದರೆ, ನಾನು ಅತ್ತು ಸರಿಹೋಗುತ್ತಿದ್ದೆನೋ ಏನೋ. ಅವರು ಸುಮ್ಮನಿದ್ದಷ್ಟೂ ನನಗೆ ಸಿಟ್ಟು. ಸಣ್ಣಪುಟ್ಟದಕ್ಕೆಲ್ಲ ಜಗಳ ತೆಗೆದೆ. ವರ್ಷ ತುಂಬುವುದರೊಳಗೆ ಮನೆಯಿಂದ ಹೋಗಿ ಎಂದವಳೂ ನಾನೇ. ಅವರು ನಿನಗೆ ಬರೆದ ಕಾಗದಗಳನ್ನೂ ವಾಪಸ್ ಕಳಿಸಿದೆ.

ಹೋದ ತಿಂಗಳು ನಿನ್ನನ್ನು ತಡೆದದ್ದು ಹೆದರಿಕೆಯಿಂದ. ಸಾಯುವ ಮನುಷ್ಯ ಎಲ್ಲ ಹೇಳಿಬಿಟ್ಟರೆ ನನಗೆ ಅಂತ ಯಾರು ಉಳಿಯುತ್ತಾರೆ ಎಂದುಕೊಂಡೆ. ನಿನ್ನ ಪಾಲಿನ ಅಪ್ಪನನ್ನು ಎರಡನೇ ಸಲ ಕಿತ್ತುಕೊಳ್ಳುತ್ತಿದ್ದೇನೆ ಎಂದು ಹೊಳೆಯಲೇ ಇಲ್ಲ. ಹೊಳೆದರೂ ಸುಮ್ಮನಿದ್ದೆನೇನೋ.

ಶನಿವಾರದವರೆಗೆ ಕಾಯಬೇಡ. ಈ ಕಾಗದ ಸಿಕ್ಕ ಕೂಡಲೇ ಹೊರಡು. ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ, ನಾನೆಲ್ಲೂ ಹೋಗುವುದಿಲ್ಲ.

ನಿನ್ನನ್ನು ಹೆತ್ತ
ಅಮ್ಮ

ಮರೆತಿದ್ದೆ: ನಾನು ಹುಟ್ಟಿದ ದಿನ ಎಲ್ಲಿದ್ದಿರಿ ಎಂದು ನೀನು ಅವರನ್ನು ಕೇಳೇ ಕೇಳುತ್ತೀಯ. ಸೇತುವೆ ನೋಡೋಕೆ ಹೋಗಿಬಿಟ್ಟಿದ್ದೆ ಮರಿ, ತಪ್ಪಾಯ್ತು ಎನ್ನುತ್ತಾರೆ. ನಂಬಬೇಡ.