ಯಾರೂ ಮೆಚ್ಚಬೇಕಿಲ್ಲದ ಕಾಗದ

ಅಕ್ಕಾ,

ಹಿಂದಿನ ಕಾಗದವನ್ನು ‘ಮಾತೃಸ್ವರೂಪಿಣಿಯಾದ ಸಹೋದರಿಗೆ’ ಎಂದು ಆರಂಭಿಸಿದ್ದೆ. ಈ ಸಲ ಆ ಅಲಂಕಾರವಿಲ್ಲ. ಅಕ್ಷರಗಳನ್ನು ದಪ್ಪಗೆ, ದೂರ ದೂರವಾಗಿ ಬರೆಯುತ್ತಿದ್ದೇನೆ. ಬೆಳಗಿನ ಬೆಳಕಿರುವಾಗ ಕಿಟಕಿಯ ಬಳಿ ಕುಳಿತು, ಭೂತಗನ್ನಡಿ ಹಿಡಿದು, ನೀನೇ ಓದಬೇಕು. ಆಯಾಸವಾದರೆ ನಿಲ್ಲಿಸು, ಉಳಿದದ್ದನ್ನು ಮರುದಿನ ಓದಿಕೋ. ಮೊಮ್ಮಗಳ ಕೈಗೆ ಮಾತ್ರ ಕೊಡಬೇಡ.

ಹಿಂದಿನ ಕಾಗದ ತಲುಪಿದ ದಿನ ನೀನು ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. “ಚೆನ್ನಾಗಿದೆ ಕಣೋ. ಮೊಮ್ಮಗಳು ಆಗಲೇ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಾಳೆ. ಎಲ್ಲರೂ ಕೈ ಮುಗಿಯೋ ಗೊಂಬೆ ಕಳಿಸ್ತಿದಾರೆ. ಆದ್ರೆ ಇದರಲ್ಲಿ ನಾನೆಲ್ಲಿದೀನೋ? ‘ಅಕ್ಕನೆಂದರೆ ಮನೆಯ ಎರಡನೆಯ ದೀಪ’ ಅಂತ ಬರೆದಿದೀಯ. ಯಾವ ಅಕ್ಕ? ನಾನು ನಿನ್ನ ಕಿವಿ ಹಿಂಡಿ ಹಿಂಡಿ ಮೊಲದ ಕಿವಿ ಮಾಡಿದವಳು. ಅದೆಲ್ಲಿ ಹೋಯ್ತು?” ಹಾಗೆಯೇ ಮುಂದುವರಿಸಿದೆ: “ಡಾಕ್ಟ್ರು ಈ ಕಣ್ಣಿಗೆ ಇನ್ನು ಜಾಸ್ತಿ ದಿನ ಇಲ್ಲ ಅಂದಿದಾರೆ. ಆಮೇಲೆ ಏನು ಬಂದ್ರೂ ಯಾರೋ ಓದಿ ಹೇಳ್ಬೇಕು, ನಾನು ಕೇಳ್ಬೇಕು. ಅದಕ್ಕೆ ಮುಂಚೆ ನಾನೊಬ್ಬಳೇ ಓದೋವಂಥದ್ದು ಒಂದು ಬರಿ. ನೋಡಿದವರಿಗೆ ಲೈಕ್ ಒತ್ತೋಕೆ ಮನಸ್ಸೇ ಬರಬಾರದು, ಅಂಥದ್ದು.”

ನನಗೆ ಸಿಟ್ಟು ಬಂದಿತ್ತು ಅಕ್ಕ. ತಲೆಮಾರುಗಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದವನು ನಾನು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮೆಟ್ಟಿಲುಗಳ ಮೇಲೆ ಎಷ್ಟು ಮಕ್ಕಳನ್ನು ಹತ್ತಿಸಿದ್ದೇನೆ! ಒಬ್ಬರಿಗಾಗಿ ಒಂದು ಕಾಗದ ಬರೆಯಲು ನನಗೆ ಬಾರದೇ ಎಂಬ ಜಂಬದಿಂದಲೇ ಮರುದಿನ ಮೇಜಿನ ಮುಂದೆ ಕುಳಿತೆ. ಬರಲಿಲ್ಲ. ವಾರವೆಲ್ಲ ಕುಳಿತರೂ ಬರಲಿಲ್ಲ.

ಕಾರಣ ನಿಧಾನವಾಗಿ ತಿಳಿಯಿತು. ನಿವೃತ್ತನಾದ ಮೇಲೆ ದಿನವೂ ಬೆಳಿಗ್ಗೆ ಫೋನಿನಲ್ಲಿ ಒಂದು ಬರಹ ಹಾಕುವ ರೂಢಿಯಾಯಿತಲ್ಲ, ಅದು ನನ್ನ ಕೈಯನ್ನೇ ಬದಲಿಸಿಬಿಟ್ಟಿದೆ. ಹಳೆಯ ವಿದ್ಯಾರ್ಥಿಗಳು, ಅವರ ಹೆಂಡಿರು, ಅವರ ಕಚೇರಿಯವರು, ಮುಖವನ್ನೇ ಕಾಣದ ಎಷ್ಟೋ ಜನ ನನ್ನನ್ನು ‘ನಿಘಂಟು ಮೇಷ್ಟ್ರು’ ಎಂದು ಕರೆಯುತ್ತಾರೆ. ಬೆಳಿಗ್ಗೆ ಅವರ ಮೆಚ್ಚುಗೆ ಬಾರದಿದ್ದರೆ ನಾನು ಎದ್ದೇ ಇಲ್ಲವೇನೋ ಎನಿಸುತ್ತದೆ. ಈಗ ಯಾವ ವಾಕ್ಯ ಬರೆದರೂ ಅದು ತಾನಾಗಿಯೇ ವೇದಿಕೆ ಹತ್ತಿ, ಗಂಟಲು ಸರಿಪಡಿಸಿಕೊಂಡು, ಸಭೆಯ ಕಡೆ ತಿರುಗಿ ನಿಲ್ಲುತ್ತದೆ. ಅದನ್ನು ಕೆಳಗಿಳಿಸಿ ನಿನ್ನ ಕಡೆ ತಿರುಗಿಸುವುದೇ ಅಸಾಧ್ಯವಾಗಿದೆ.

ಮೊನ್ನೆ ನಿನ್ನ ಕಣ್ಣನ್ನು ಕುರಿತು ಒಂದು ಸಾಲು ಬಂತು. ‘ಅವಳ ಜಗತ್ತು ಅಂಚುಗಳಲ್ಲಿ ಉಳಿದಿದೆ, ನಡುವೆ ಅಳಿಸಿದೆ’ ಎಂದು. ಚೆನ್ನಾಗಿತ್ತು. ಕಾಗದದ ಮೇಲಿದ್ದ ಆ ಸಾಲನ್ನು, ಮರೆತೇನೆಂಬ ನೆಪ ಹೇಳಿಕೊಂಡು, ಫೋನಿಗೆ ಇಳಿಸಿಕೊಂಡೆ. ಹೆಗಲ ಹಿಂದೆ ನಿಂತಿದ್ದ ಸೊಸೆ ನೋಡಿದಳು. “ಅಯ್ಯೋ ಮಾವ, ಎಷ್ಟು ಚೆನ್ನಾಗಿದೆ! ಈಗ್ಲೇ ಹಾಕಬೇಡಿ, ಭಾನುವಾರ ಹಾಕಿ. ಎಲ್ಲರೂ ಮನೇಲಿರ್ತಾರೆ, ಜಾಸ್ತಿ ಜನ ನೋಡ್ತಾರೆ.” ಅವಳದು ಒಳ್ಳೆಯ ಮನಸ್ಸು, ಅವಳ ಮೇಲೆ ದೂರಿಲ್ಲ. ಆದರೆ ನಾನು ಒಂದು ಕ್ಷಣ ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಲೆಕ್ಕ ಹಾಕಿದೆನಲ್ಲ, ಅದನ್ನು ನಿನಗೆ ಹೇಳದೆ ಇರಲಾರೆ. ನಿನ್ನ ಕತ್ತಲೆಗೂ ವಾರ, ವೇಳೆ ನೋಡುವ ಸ್ಥಿತಿಗೆ ಬಂದಿದ್ದೇನೆ. ಆ ಸಾಲನ್ನು ಅಳಿಸಿದೆ.

ಆಮೇಲೆ ನಿನ್ನ ಟೆಲಿಫೋನ್ ಎಕ್ಸ್‌ಚೇಂಜಿನ ದಿನಗಳು ನೆನಪಾದವು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರುಗಳ ತಂತಿ ಜೋಡಿಸುತ್ತಿದ್ದವಳು ನೀನು. ಎರಡೂ ಕಡೆಯವರ ದನಿ ಸೇರಿದೆಯೇ ಎಂದು ಒಂದೆರಡು ಮಾತು ಕೇಳಿ, ಕೂಡಲೇ ನಡುವಿನಿಂದ ಸರಿದುಬಿಡಬೇಕು. ಅದು ನಿಮ್ಮ ಕೆಲಸದ ಶಿಸ್ತು. ಜನ ಗುಟ್ಟಾಗಿ ಏನೇನು ಮಾತಾಡುತ್ತಾರೆ ಎಂದು ನಾನು ಕುತೂಹಲದಿಂದ ಕೇಳಿದರೆ ನೀನು ನಕ್ಕುಬಿಡುತ್ತಿದ್ದೆ. “ಏನಿಲ್ಲ ಕಣೋ, ಬರೀ ಸಪ್ಪೆ. ಊಟ ಆಯ್ತಾ, ಕೆಮ್ಮು ಕಮ್ಮಿ ಆಯ್ತಾ, ಆ ಬಾಗಿಲಿಗೆ ಚಿಲಕ ಹಾಕಿಸಿದ್ಯಾ. ಇಷ್ಟಕ್ಕೇ ಗಂಟೆಗಟ್ಟಲೆ ಕಾಯ್ತಾರೆ, ಅಳ್ತಾರೆ.” ಆಗ ನನಗೆ ಆ ಜನ ದಡ್ಡರೆನಿಸಿದ್ದರು. ಇಷ್ಟು ಕಾದವರು ಇನ್ನಷ್ಟು ಒಳ್ಳೆಯ ಮಾತು ಆಡಬಾರದೇ ಎಂದುಕೊಂಡಿದ್ದೆ.

ಈಗ ಅವರೇ ಸರಿ ಎನಿಸುತ್ತದೆ; ಆದ್ದರಿಂದ ಸಪ್ಪೆಯದನ್ನೇ ಹೇಳುತ್ತೇನೆ. ಇದನ್ನು ಇನ್ನಾರಿಗೂ ಹೇಳಿಲ್ಲ.

ಅಕ್ಕ, ನನಗೆ ಪದಗಳು ಮರೆಯುತ್ತಿವೆ. ದೊಡ್ಡ ಪದಗಳಲ್ಲ, ಅವು ಕರೆದ ಕೂಡಲೇ ಬರುತ್ತವೆ, ‘ಅನಿರ್ವಚನೀಯ’ ಎನ್ನುವುದು ನಾಲಿಗೆಯ ತುದಿಯಲ್ಲೇ ಇದೆ. ಹೋಗುತ್ತಿರುವುದು ಮನೆಯೊಳಗಿನ ಪದಗಳು. ಚಪ್ಪಲಿ ರಿಪೇರಿಯವನ ಮುಂದೆ ನಿಂತು ಹರಿದ ಉಂಗುಷ್ಠದ ಹೆಸರು ಆಗ ಹೊಳೆಯದೆ, ಬಾಯಿ ತೆರೆಯದೆ ಅದರತ್ತ ಬೆರಳು ತೋರಿಸಿದೆ. ಆತ ಕೇಳಿದ: “ಯಾಕೆ ಯಜಮಾನ್ರೇ, ಹಲ್ಲುನೋವಾ?” ಹೌದೆಂದು ತಲೆಯಾಡಿಸಿ ಬಂದೆ. ಪಕ್ಕದ ಮನೆಯವರ ಹೆಸರಿನ ಬದಲು ‘ನೀವು ದೊಡ್ಡವರು’ ಎನ್ನುತ್ತೇನೆ. ಅವರಿಗೆ ಅದು ಗೌರವವಾಗಿ ಕೇಳಿಸುತ್ತದೆ. ಕೆಲವು ತಿಂಗಳಿಂದ ಬೆಳಗಿನ ಬರಹಗಳೆಲ್ಲ ಹಳೆಯವು. ಮೊದಲು ಹಾಕಿದ್ದನ್ನೇ ಹುಡುಕಿ ಮತ್ತೆ ಹಾಕುತ್ತಿದ್ದೇನೆ. ಒಬ್ಬರಿಗೂ ಗೊತ್ತಾಗಿಲ್ಲ. ‘ಇಂದಿನದು ಅದ್ಭುತ ಸರ್’ ಎಂದು ಅದೇ ಜನ ಅದೇ ಮಾತು ಬರೆಯುತ್ತಾರೆ. ಇಷ್ಟೊಂದು ಕಣ್ಣುಗಳ ಎದುರಿಗೇ ನಾನು ಖಾಲಿಯಾಗುತ್ತಿದ್ದೇನೆ; ಅವುಗಳಲ್ಲಿ ಒಂದಕ್ಕೂ ಅದು ಕಾಣುತ್ತಿಲ್ಲ.

ಮಗನಿಗೆ ಹೇಳಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಹೇಳುತ್ತೇನೆ, ಹೇಳಲೇಬೇಕು. ಆದರೆ ಆ ಕ್ಷಣದಿಂದ ನಾನು ಎಲ್ಲರ ಬಾಯಲ್ಲಿ ಒಂದು ಸುದ್ದಿಯಾಗುತ್ತೇನೆ, ಗ್ರೂಪಿನಲ್ಲಿ ಕೈ ಮುಗಿಯುವ ಗೊಂಬೆಗಳು ಬರುತ್ತವೆ. ಅದಕ್ಕೆ ಮೊದಲು ಒಬ್ಬರಿಗೆ ಮಾತ್ರ ಗೊತ್ತಿರಲಿ ಎನಿಸಿತು. ನನ್ನನ್ನು ಚಡ್ಡಿ ಜಾರಿಸಿಕೊಂಡು ಓಡಾಡಿದವನಾಗಿ ಕಂಡ ಕಣ್ಣುಗಳಲ್ಲಿ ಉಳಿದಿರುವುದು ನಿನ್ನವು ಮಾತ್ರ. ಅವೂ ಹೋದ ಮೇಲೆ, ನನ್ನ ಪದಗಳೂ ಹೋದ ಮೇಲೆ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಕುಳಿತರೂ ಯಾರೋ ಮೂರನೆಯವರು ನಡುವೆ ನಿಂತು ನಿನಗೆ ನನ್ನನ್ನು ಬಣ್ಣಿಸಬೇಕು, ನನಗೆ ನಿನ್ನ ಮಾತು ಬಿಡಿಸಿ ಹೇಳಬೇಕು. ಅದನ್ನು ನೆನೆದರೆ ಭಯವಾಗುತ್ತದೆ. ಭಯ ಎಂದು ಇಷ್ಟು ನೇರವಾಗಿ ನಾನು ಎಂದೂ ಬರೆದವನಲ್ಲ.

ನಿನಗೆ ಗೊತ್ತು, ಕರಡನ್ನು ಯಾರಿಗೂ ಕಳಿಸದವನು ನಾನು. ಶುದ್ಧ ಪ್ರತಿ ಮಾಡದೆ ರಜೆಯ ಅರ್ಜಿಯನ್ನೂ ಕೊಟ್ಟವನಲ್ಲ. ಇದನ್ನು ಮಾತ್ರ ಹೀಗೇ ಕಳಿಸುತ್ತಿದ್ದೇನೆ, ಚಿತ್ತುಗಳ ಸಮೇತ. ತಿದ್ದಲು ಕುಳಿತರೆ ಮತ್ತೆ ಸಭೆ ಸೇರುತ್ತದೆ.

ಇನ್ನೊಂದು ಹೇಳಬೇಕಿತ್ತು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು, ದುಂಡನೆಯ .......... ಹಿಡಿದು ಹಿಟ್ಟು ಸೋಸುತ್ತಿದ್ದಳಲ್ಲ; ನೀನು ಅದನ್ನು ಕದ್ದು ತಂದು ನನ್ನ ಮುಖದ ಮುಂದೆ ಹಿಡಿದು, ಅದರ ಬಲೆಯ ಆಚೆಯಿಂದ ನನ್ನನ್ನು ನೋಡಿ, “ಚೂರು ಚೂರಾಗಿ ಕಾಣ್ತೀಯ ಕಣೋ” ಎಂದು ನಗುತ್ತಿದ್ದೆ. ಆ ಸಾಮಾನಿನ ಹೆಸರು ಬೆಳಗಿನಿಂದ ಬರುತ್ತಿಲ್ಲ. ಅಡುಗೆಮನೆಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ಅದನ್ನೇ ಕೈಯಲ್ಲಿ ಹಿಡಿದು ನಿಂತೆ, ಆದರೂ ಬರಲಿಲ್ಲ. ಸೊಸೆಯನ್ನು ಕೇಳಲಿಲ್ಲ, ಫೋನನ್ನೂ ಕೇಳಲಿಲ್ಲ. ಜಾಗ ಬಿಟ್ಟಿದ್ದೇನೆ. ನಿನಗೆ ಗೊತ್ತಿರುತ್ತದೆ, ತುಂಬಿಕೊಂಡು ಓದು.

ನಿನ್ನ ಬೆಳಕು ಇನ್ನೂ ಕೆಲವು ಬೆಳಗುಗಳವರೆಗಾದರೂ ನಿಲ್ಲಲಿ ಎಂದು ಬೇಡುತ್ತಾ,

ತಲೆ ಬಾಗಿದ್ದೇನೆ, ಕೈಯಿಟ್ಟು ಹರಸು,
ನಿನ್ನ ತಮ್ಮ