ಲಿವರ್‌ಮೋರಿನ ಗಾಣಿಗೇರ

ಅಣ್ಣಾ, ನಿನ್ನ ತಮ್ಮ ದೇವೇಂದ್ರಪ್ಪನ ಶರಣಾರ್ಥಿ.

ಅಮೆರಿಕಾದ ಈ ಲಿವರ್‌ಮೋರಿನ್ಯಾಗ ಮಗಳು ಮಾಧುರಿ ಮನಿ ಬಾಜುಕ ಜರ್ಮನ್ ಮೂಲದ ಒಬ್ಬ ಅಜ್ಜ ಅದಾನ. ಅಡ್ಡಹೆಸರು ಓಲ್‌ಶ್ಲೇಗರ್. ಭಾಳ ಅಪರೂಪದ ಹೆಸರಂತ. ಮಾಧುರಿ ಅದನ್ನ ಕಷ್ಟಪಟ್ಟು ಕಲ್ತು ತಪ್ಪಿಲ್ಲದಂಗ ಕರೀತಾಳ. ನಿನ್ನೆ ಅಂವಾ ಊಟಕ್ಕ ಬಂದಾಗ ರೊಟ್ಟಿಗೆ ಅಗಸಿ ಚಟ್ನಿ ಹಾಕಿದ್ವಿ. ಯಾವ ಕಾಳಂತ ಕೇಳಿ ನಕ್ಕೋತ ಹೇಳಿದ: ಅವರ ಹಿರಿಯಾರು ಇದ ಅಗಸಿ ಕುಟ್ಟಿ ಎಣ್ಣಿ ತಗೀತಿದ್ರಂತ, ಆ ಹೆಸರಿನ ಅರ್ಥಾನೂ ಎಣ್ಣಿ ಕುಟ್ಟಾವ ಅಂತ. ಅಂದ್ರ ನಮ್ಮಂಗ ಗಾಣಿಗೇರ ಆತಲ್ಲ!

ಆಮ್ಯಾಲೆ ನಮ್ಮ ಅಡ್ಡಹೆಸರು ಕೇಳಿದ. ಇಲ್ಲಿ ಯಾರ ನಾಲಿಗಿಗೂ ಹೊಳ್ಳೂದಿಲ್ಲಂತ ಮಾಧುರಿ ಅದನ್ನ ಬರೇ ಇಂಗ್ಲಿಷಿನ 'ಜಿ' ಅಕ್ಷರ ಮಾಡ್ಯಾಳ. ನಾನ ಪೂರಾ ಹೇಳಿದೆ. ಎರಡನೇ ಸಲಕ್ಕ ಅಜ್ಜ "ಗಾಣಿಗೇರ" ಅಂತ ನೆಟ್ಟಗ ಅಂದ. ಮಾಧುರಿ ತಾಟು ಎತ್ಕೊಂಡು ಒಳಗ ಹೋದ್ಲು. ಮಂದಿ ಹೆಸರು ಕಲಿತಾಕಿ ತನ್ನದನ್ನ ಯಾಕ ಕಲಿಸಲಿಲ್ಲ ಅಂತ ನಾ ಕೇಳಲಿಲ್ಲ.

ಮೊಣಕಾಲು ನೋವು ಇಳದೈತಿ, ಗುಳಿಗಿ ಅದಾವ, ಕಾಳಜಿ ಬ್ಯಾಡ. ಇನ್ನೂ ಬರೀಬೇಕಂದ್ರ ಜಾಗ ಇಲ್ಲ. ಕಳಿಸಿದವರ ವಿಳಾಸ ಹಾಕಂತ ಈ ಕಾರ್ಡ್ ಮೊದಲ ಮಾಧುರಿ ಕೈಯಾಗ ಕೊಟ್ಟಿದ್ದೆ. 'ಮಾಧುರಿ ಗಾಣಿಗೇರ' ಅಂತ ದಪ್ಪಗ ಬರದು ನನ್ನ ಜಾಗ ತಿಂದಾಳ. ತಿನ್ನಲಿ ಬಿಡು.