ಬನದಮ್ಮನ ಮರಗಳಿಗೆ ಕೆಂಪು ಬಣ್ಣ ಬಳಿಸಿದವರಿಗೆ

ಮಾನ್ಯ ಯೋಜನಾಧಿಕಾರಿಗಳೇ,

ಸಾಸ್ವೆಹಳ್ಳಿ ಸಮೀಪದ ನಮ್ಮೂರಿನ ದೇವರ ಕಾಡಿನಲ್ಲಿ ಹದಿನಾಲ್ಕು ಮರ ಕಡಿದು, ಆ ಜಾಗದಲ್ಲಿ ‘ದೇವರ ಕಾಡು ಮಾಹಿತಿ ಕೇಂದ್ರ’ ಕಟ್ಟಲು ತಾವು ಮಂಜೂರಾತಿ ದಯಪಾಲಿಸಿದ್ದೀರಿ. ನಮ್ಮ ನಂಬಿಕೆಗಳು ಮರಗಳನ್ನು ಹೇಗೆ ಉಳಿಸಿದವು ಎಂಬುದನ್ನು ಆ ಕಟ್ಟಡದ ಗೋಡೆಯ ಮೇಲೆ ಚಿತ್ರಗಳಲ್ಲಿ ವಿವರಿಸುತ್ತೀರಂತೆ. ಕಡಿದ ಮರಗಳ ಚಿತ್ರವೂ ಇರುತ್ತದೆಯೇ ಸ್ವಾಮಿ? ಗ್ರಾನೈಟ್ ನೆಲ, ಪಾರ್ಕಿಂಗ್, ಸೆಲ್ಫಿಗೊಂದು ಸಿಮೆಂಟಿನ ಮರ, ಎಲ್ಲವೂ ನಕ್ಷೆಯಲ್ಲಿವೆ. ಕಾಡಿಗೆ ಮಾತ್ರ ಜಾಗ ಸಾಲದೆ ಹೋಗಿದೆ.

ನಾನು ದೈವಭಕ್ತನಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಈ ಬನದ ದೇವತೆ ಬನದಮ್ಮ ಮುನಿದರೆ ಕಣ್ಣು ಹೋಗುತ್ತದೆ ಎಂಬ ಮಾತಿಗೆ ನಕ್ಕವನು. ಆ ಭರದಲ್ಲೇ ಒಮ್ಮೆ ಗುದ್ದಲಿಯ ಕಾವಿಗೆಂದು ಬನದಿಂದ ಮತ್ತಿಯ ಕೊಂಬೆಯೊಂದನ್ನು ಕಡಿದು ತಂದೆ. ಕಣ್ಣೇನೂ ಹೋಗಲಿಲ್ಲ. ಆದರೆ ಬಡಗಿ ರಸೂಲ್ ಸಾಬರು ಕಾವು ಕೆತ್ತಲು ಒಪ್ಪಲಿಲ್ಲ. “ಅಮ್ಮನ ಕಟ್ಟಿಗೆಗೆ ನಾನು ಉಳಿ ಹಚ್ಚಲ್ಲ, ತಗಂಡು ಹೋಗ್ರಿ ಮೇಷ್ಟ್ರೇ” ಎಂದುಬಿಟ್ಟರು. ಕೊಂಬೆ ಹೊರಗೆ ಹೋಗುವವರೆಗೆ ಒಲೆ ಹಚ್ಚುವುದಿಲ್ಲವೆಂದು ಮನೆಯಲ್ಲಿ ಹೆಂಡತಿ ಕೂತಳು. ಕೊನೆಗೆ ಊರ ಕಟ್ಟಳೆಯಂತೆ ಕೊಂಬೆಯನ್ನು ಬನದಲ್ಲೇ ಬಿಟ್ಟು, ಹೊಳೆಯಿಂದ ಹನ್ನೊಂದು ಕೊಡ ನೀರು ಹೊತ್ತು ಅಲ್ಲಿನ ಸಸಿಗಳಿಗೆ ಹಾಕಿದೆ. ಅದೂ ಬರಿಗಾಲಲ್ಲಿ, ನನ್ನ ವಿದ್ಯಾರ್ಥಿಗಳ ಕಣ್ಣೆದುರೇ. ಮೂಢನಂಬಿಕೆ ಅನ್ನುತ್ತೀರಾ? ಧಾರಾಳವಾಗಿ ಅನ್ನಿ. ಕಾವಲುಗಾರ, ಬೇಲಿ, ಬಜೆಟ್ಟು ಯಾವುದೂ ಇಲ್ಲದೆ ನಾಲ್ಕು ಎಕರೆ ಕಾಡು ಉಳಿದದ್ದು ಇದರಿಂದಲೇ. ನಿಮ್ಮ ಕಚೇರಿ ನೆಟ್ಟ ತೋಪಿನಲ್ಲಿ ಉದ್ಘಾಟನೆಯ ಫಲಕ ಬಿಟ್ಟು ಬೇರೇನಾದರೂ ನೆಟ್ಟಗೆ ನಿಂತಿದೆಯೇ?

ಕಳೆದ ವಾರ ನಿಮ್ಮ ಸಿಬ್ಬಂದಿ ಬಂದು, ಕಡಿಯಬೇಕಾದ ಮರಗಳಿಗೆ ಕೆಂಪು ಬಣ್ಣ ಬಳಿದು ಹೋದರು. ಬನದಲ್ಲಿ ದಿನವೂ ದೀಪ ಹಚ್ಚುವ ಮುದುಕಿ ದುರುಗಕ್ಕ ಅದನ್ನು ಕುಂಕುಮವೆಂದುಕೊಂಡಳು. ಹದಿನಾಲ್ಕೂ ಮರಗಳಿಗೆ ತಾನೂ ಅರಿಶಿನ ಹಚ್ಚಿ, ಹಸಿರು ಬಳೆ ಕಟ್ಟಿ, ನೇರ ನನ್ನ ಮನೆಗೆ ಬಂದಳು. “ಸರ್ಕಾರದೋರಿಗೂ ಅಮ್ಮನ ಮ್ಯಾಲೆ ಭಕ್ತಿ ಐತೆ ನೋಡ್ರಿ ಮೇಷ್ಟ್ರೇ. ನಾ ಹೋದ ಮ್ಯಾಲೆ ಬನ ಯಾರು ನೋಡ್ಕಂತಾರೆ, ಹೆಂಗೆ ಅಂತ ಚಿಂತೆ ಆಗಿತ್ತು. ಇನ್ನ ಚಿಂತಿಲ್ಲ” ಎಂದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆಕೆಗೆ ಕಾಫಿ ಕೊಟ್ಟು ಕಳಿಸಿದೆ.

ಸೋಮವಾರ ಗರಗಸ ಬರುತ್ತದಂತೆ. ಅಷ್ಟರೊಳಗೆ ಮಂಜೂರಾತಿ ರದ್ದು ಮಾಡಿ. ಆಗುವುದಿಲ್ಲವೆಂದರೆ, ಭಾನುವಾರವೇ ಖುದ್ದಾಗಿ ಬಂದು, ಆ ಕೆಂಪು ಬಣ್ಣ ಯಾಕೆಂದು ದುರುಗಕ್ಕನ ಮುಖ ನೋಡಿ ಹೇಳಿ. ಚಪ್ಪಲಿ ಮಾತ್ರ ಹೊರಗೆ ಬಿಡಿ.

ಇಂತಿ,
ಮೂವತ್ತು ವರ್ಷ ಪಾಠ ಹೇಳಿಯೂ ಆ ಒಂದು ಮಾತು ಹೇಳಲಾರದೆ ಹೋದ
ಬೆನಕಪ್ಪ ಮೇಷ್ಟ್ರು